ಪ್ರ್ಯಾಕ್ಟಿಕಲ್ ಇದ್ದ ಸೋಮವಾರ

ಮೂಡಲಗಿ
೬ ಏಪ್ರಿಲ್ ೧೯೩೭

ಚಿರಂಜೀವಿ ಖಂಡೆಪ್ಪನಿಗೆ ಆಶೀರ್ವಾದ.

ನಾನು ದುಂಡಪ್ಪನ ತಂದೆ. ಪುಣೆಯ ಆಸ್ಪತ್ರೆಯ ಅಂಗಳದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇವೆ. ಮಾತಾಗಲಿಲ್ಲ. ಮಣ್ಣು ಕೊಟ್ಟ ಮೇಲೆ ಸಿಕ್ಕ ಮೊದಲನೆಯ ಗಾಡಿಗೆ ನಾನು ಹೊರಟುಬಿಟ್ಟೆ. ಆ ಊರಿನಲ್ಲಿ ನಿಲ್ಲಲು ಇನ್ನೇನೂ ಕಾರಣ ಉಳಿದಿರಲಿಲ್ಲ.

ನೀನು ಪರೀಕ್ಷೆ ಮುಗಿಸಿ ಕೊಣ್ಣೂರಿಗೆ ಬಂದಿದ್ದೀ ಎಂದು ನಮ್ಮ ಅಡತಿ ಅಂಗಡಿಗೆ ಬೆಲ್ಲ ತರುವ ಉದ್ದಪ್ಪ ಹೇಳಿದ. ನೀವಿಬ್ಬರೂ ಇದ್ದ ಕೋಣೆಯಲ್ಲಿ ಅವನ ಟ್ರಂಕು ಇರಬೇಕು. ನೀನು ತಂದಿದ್ದರೆ ಉದ್ದಪ್ಪನ ಗಾಡಿಯಲ್ಲಿ ಕಳಿಸು. ತಂದಿರದಿದ್ದರೆ ಅವಸರವಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ರೂಢಿ. ಬರೆದಿದ್ದೇನೆ.

ರಾಚಪ್ಪ


ಕೊಣ್ಣೂರ
೧೫ ಏಪ್ರಿಲ್ ೧೯೩೭

ತಂದೆಯ ಸಮಾನರಾದ ರಾಚಪ್ಪ ಕಾಕಾ ಅವರಿಗೆ ಖಂಡೆಪ್ಪನ ನಮಸ್ಕಾರ.

ಟ್ರಂಕನ್ನು ಉದ್ದಪ್ಪನವರ ಗಾಡಿಯಲ್ಲಿ ಇಟ್ಟಿದ್ದೇನೆ. ಒಳಗೆ ಎರಡು ಧೋತರ, ಮೂರು ಅಂಗಿ, ಒಂದು ಕೋಟು, ಹನ್ನೊಂದು ಪುಸ್ತಕ, ಪ್ರಯೋಗ ಬರೆಯುವ ವಹಿ ನಾಲ್ಕು. ಕಾಲೇಜಿನ ಗ್ರಂಥಾಲಯದ ಒಂದು ಪುಸ್ತಕವಿತ್ತು, ಅದನ್ನು ನಾನೇ ತಿರುಗಿ ಕೊಟ್ಟೆ. ಕೋಣೆ ಬಿಟ್ಟಿದ್ದೇನೆ.

ಬೇರೇನೂ ಬರೆಯಲು ತೋಚುವುದಿಲ್ಲ.

ನಿಮ್ಮ
ಖಂಡೆಪ್ಪ


ಮೂಡಲಗಿ
೨೪ ಏಪ್ರಿಲ್ ೧೯೩೭

ಚಿ. ಖಂಡೆಪ್ಪನಿಗೆ,

ಟ್ರಂಕು ಬಂತು. ಅಂಗಿಗಳನ್ನು ಅವನ ತಾಯಿ ಪಾರವ್ವ ಒಗೆದು ಒಣಗಿಸಿ ಮತ್ತೆ ಅದರಲ್ಲೇ ಇಟ್ಟಳು. ನಾನು ಪುಸ್ತಕಗಳನ್ನು ನೋಡಿದೆ. ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ, ಚಿತ್ರಗಳನ್ನಷ್ಟೇ ನೋಡಿದೆ.

ನಿನಗೆ ಒಂದು ಮಾತು ಕೇಳಬೇಕಾಗಿದೆ. ಹೋದ ದೀಪಾವಳಿಗೆ ಅವನು ಬಂದಾಗ ನಮ್ಮಿಬ್ಬರಲ್ಲಿ ಜಗಳವಾಯಿತು. ಅವನು ಹೇಳಿರಬಹುದು. ಅವನು ವಕೀಲನಾಗಬೇಕೆಂದು ನನ್ನ ಆಸೆ. ಅವನು ಈ ಫಿಜಿಕ್ಸ್ ಹಿಡಿದು ಕೂತಿದ್ದ. "ಈ ಕಾಜು, ಕೊಳವಿ ಹಿಡಕೊಂಡು ಏನ್ ಆಗಾಂವ ನೀ? ಒಂದಾ ವಕೀಲ ಆಗು, ಇಲ್ಲಾ ಅಂಗಡ್ಯಾಗ ಬಂದು ಕುಂಡ್ರು," ಎಂದೆ. ಅವನು ಮರುದಿನ ಮುಂಜಾನೆ ಎದ್ದು ಹೋದ. ಆಮೇಲೆ ನಾನೂ ಕಾಗದ ಬರೆಯಲಿಲ್ಲ, ಅವನೂ ಬರೆಯಲಿಲ್ಲ.

ಈಗ ನಿನಗೆ ಕೇಳುತ್ತೇನೆ. ಫಿಜಿಕ್ಸ್ ಎಂದರೆ ಏನು? ಅದನ್ನು ಕಲಿತವನು ಏನಾಗುತ್ತಾನೆ? ಸಿಟ್ಟಿನಿಂದ ಕೇಳುತ್ತಿಲ್ಲ. ತಿಳಿಯಬೇಕಾಗಿದೆ, ಅಷ್ಟೆ.

ರಾಚಪ್ಪ


ಕೊಣ್ಣೂರ
೯ ಮೇ ೧೯೩೭

ಕಾಕಾ ಅವರಿಗೆ ನಮಸ್ಕಾರ.

ಕುರಿ ಹಿಂಡಿನ ಜೊತೆ ಹತ್ತು ದಿನ ಹೊರಗಿದ್ದೆ. ಅದಕ್ಕೇ ತಡವಾಯಿತು.

ಫಿಜಿಕ್ಸಿಗೆ ನಮ್ಮಲ್ಲಿ ಪದಾರ್ಥ ವಿಜ್ಞಾನ ಎನ್ನುತ್ತಾರೆ. ವಸ್ತು ಹೇಗೆ ಬಿಸಿಯಾಗುತ್ತದೆ, ಸಪ್ಪಳ ಎಷ್ಟು ವೇಗದಲ್ಲಿ ಹೋಗುತ್ತದೆ, ಬೆಳಕು ಕಾಜಿನೊಳಗೆ ಹೊಕ್ಕರೆ ಎಷ್ಟು ಬಾಗುತ್ತದೆ, ತಂತಿಯಲ್ಲಿ ವಿದ್ಯುತ್ತು ಹರಿದರೆ ಏನಾಗುತ್ತದೆ, ಇಂಥವನ್ನು ಅಳೆದು ನೋಡುವ ಶಾಸ್ತ್ರ.

ಕಲಿತವನು ಏನಾಗುತ್ತಾನೆ ಎಂದು ಕೇಳಿದ್ದೀರಿ. ಇದ್ದದ್ದನ್ನು ಬರೆಯುತ್ತೇನೆ. ಬಿ.ಎಸ್ಸಿ. ಆದವನಿಗೆ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಗಬಹುದು. ಮೊದಲನೇ ವರ್ಗದಲ್ಲಿ ಬಂದರೆ ಕಾಲೇಜಿನಲ್ಲಿ ಹುಡುಗರಿಗೆ ಪ್ರಯೋಗ ತೋರಿಸುವ ಕೆಲಸ. ಪುಣೆಯಲ್ಲಿ ಹವಾಮಾನ ಕಚೇರಿ ಇದೆ, ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ತೆಗೆದುಕೊಳ್ಳುತ್ತಾರೆ. ವಿದ್ಯುತ್ ಕಂಪನಿಗಳಿಗೆ ಎಂಜಿನಿಯರು ಬೇಕು, ನಾವು ಬೇಡ. ಮುಂದೆ ಮುಂಬೈಯಲ್ಲಿ ಎಂ.ಎಸ್ಸಿ. ಮಾಡಿದರೆ ಪ್ರೊಫೆಸರನಾಗಬಹುದು, ಆದರೆ ಆ ಜಾಗದಲ್ಲಿ ಕೂತವರು ನಿವೃತ್ತರಾಗಬೇಕು. ನಮ್ಮ ಹಿಂದಿನ ವರ್ಷ ಮುಗಿಸಿದ ಏಳು ಮಂದಿಯಲ್ಲಿ ಮೂವರು ಮನೆಯಲ್ಲೇ ಇದ್ದಾರೆ.

ಬಿ.ಎಸ್ಸಿ. ಮುಗಿಸಿದವನು ಆಮೇಲೆ ಕಾಯ್ದೆ ಓದಿ ವಕೀಲನೂ ಆಗಬಹುದು. ಅದಕ್ಕೆ ಅಡ್ಡಿ ಇಲ್ಲ. ದುಂಡಪ್ಪನಿಗೆ ಇದು ಗೊತ್ತಿತ್ತು.

ನನ್ನ ವರ್ಷದ ಪರೀಕ್ಷೆಯ ಫಲ ಬಂದಿದೆ. ಪಾಸಾಗಿದ್ದೇನೆ. ಪ್ರ್ಯಾಕ್ಟಿಕಲ್‌ನಲ್ಲಿ ತರಗತಿಗೇ ಹೆಚ್ಚು ಅಂಕ. ಕೊನೆಯ ವರ್ಷಕ್ಕೆ ನಾನು ಹೋಗುವುದಿಲ್ಲ. ನಮ್ಮ ಅಣ್ಣ ಶೆಟ್ಟೆಪ್ಪನಿಗೆ ಕುರಿ ಕಾಯಲು ಒಬ್ಬ ಬೇಕು. ಗೋಕಾಕದ ಮಾಮಲೇದಾರ ಕಚೇರಿಗೂ ಕಾರಕೂನನ ಕೆಲಸಕ್ಕೆ ಅರ್ಜಿ ಕೊಟ್ಟಿದ್ದೇನೆ.

ನಿಮ್ಮ
ಖಂಡೆಪ್ಪ


ಮೂಡಲಗಿ
೨ ಜೂನ್ ೧೯೩೭

ಚಿ. ಖಂಡೆಪ್ಪನಿಗೆ,

ನಿನ್ನ ಕಾಗದ ಓದಿದೆ. ವಕೀಲನೂ ಆಗಬಹುದಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಅವನು ಹೇಳಲಿಲ್ಲ. ನಾನು ಹೇಳಲು ಬಿಟ್ಟಿರಲಿಕ್ಕಿಲ್ಲ.

ಮೊನ್ನೆ ಗೋಕಾಕಕ್ಕೆ ಹೋಗಿದ್ದೆ. ಅಂಗಡಿಯ ಕೆಲಸ ಮುಗಿದ ಮೇಲೆ ಫಾಲ್ಸಿನ ಗಿರಣಿಗೆ ಹೋದೆ. ಅಲ್ಲಿ ನೀರಿನಿಂದ ವಿದ್ಯುತ್ತು ಮಾಡುತ್ತಾರಲ್ಲ, ಫಿಜಿಕ್ಸ್ ಕಲಿತವರು ಅಲ್ಲಿ ಇರಬೇಕೆಂದು ನನ್ನ ತಿಳುವಳಿಕೆ. ಗೇಟಿನ ಹತ್ತಿರ ಮಾಲಿಂಗಪ್ಪ ಎಂಬ ಮಿಸ್ತ್ರಿ ಸಿಕ್ಕ. ಕೇಳಿದೆ.

"ಅದೇನ್ರಿ ಅದು ಫಿಜಿಕ್ಸ್?" ಎಂದ.

"ಕರೆಂಟು, ಬೆಳಕು ಇವನ್ನೆಲ್ಲಾ ಸಾಲ್ಯಾಗ ಕಲಿಯೂದು."

"ಕರೆಂಟಿಗೆ ನಾವು ಅದೀವಲ್ರಿ. ಸಾಲಿ ಕಲಿತವ್ರು ಆಫೀಸಿನ್ಯಾಗ ಕುಂಡ್ರತಾರ. ಇಲ್ಲಿ ಪಾನಾ ಹಿಡದು ನಟ್ಟು ಬಿಗಿಯಾಂವ ಬೇಕು. ಯಾಕ್ರಿ, ನಿಮ್ಮ ಮಗ ಕಲ್ತಾನೇನು?"

"ಹೌದು," ಎಂದೆ.

"ಕಳಸಿ ಕೊಡ್ರಿ. ಸಾಹೇಬ್ರಿಗೆ ಕೇಳಿ ನೋಡೂನು."

"ಆತು, ಕಳಸ್ತೇನಿ," ಎಂದು ಬಂದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು. ದಾರಿಯುದ್ದಕ್ಕೂ ಸಂಕಟವೇನೂ ಆಗಲಿಲ್ಲ. ಮನೆಗೆ ಬಂದು ಊಟ ಮಾಡಿದೆ.

ನೀನು ಪುಣೆಗೆ ಹೋಗು. ಖರ್ಚಿಗೆ ಬೇಕಾದರೆ ಕೇಳು, ಸಂಕೋಚ ಬೇಡ. ನೀನೂ ಬಿಟ್ಟರೆ ನನ್ನ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ನೀನು ಮುಗಿಸಿದರೆ, ಮುಗಿಸಿದವನು ಏನಾಗುತ್ತಾನೆಂದಾದರೂ ನೋಡುತ್ತೇನೆ.

ರಾಚಪ್ಪ


ಪುಣೆ
೪ ಜುಲೈ ೧೯೩೭

ಕಾಕಾ ಅವರಿಗೆ ನಮಸ್ಕಾರ.

ಕಾಲೇಜಿಗೆ ಬಂದಿದ್ದೇನೆ. ಫೀ ಮಾಫಿ ಮುಂದುವರಿದಿದೆ, ಆದ್ದರಿಂದ ಏನೂ ಕಳಿಸಬೇಡಿರಿ. ಬೇರೆ ಪೇಟೆಯಲ್ಲಿ ಕೋಣೆ ಹಿಡಿದಿದ್ದೇನೆ. ಒಬ್ಬನೇ ಇದ್ದೇನೆ. ಮಳೆ ಚೆನ್ನಾಗಿದೆ.

ಖಂಡೆಪ್ಪ


ಮೂಡಲಗಿ
೮ ನವೆಂಬರ್ ೧೯೩೭

ಚಿ. ಖಂಡೆಪ್ಪನಿಗೆ,

ನಾಲ್ಕು ತಿಂಗಳಾದರೂ ನಿನ್ನ ಕಾಗದವಿಲ್ಲ. ಓದಿನ ಗಡಿಬಿಡಿ ಇರಬೇಕು.

ದೀಪಾವಳಿ ಆಯಿತು. ಪಾರವ್ವ ಎಲ್ಲ ವರ್ಷದಂತೆ ಪಣತಿ ಹಚ್ಚಿದಳು, ಹೋಳಿಗೆ ಮಾಡಿದಳು. ಅವಳು ಅಳುವುದಿಲ್ಲ. ಬಾಜೂ ಮನೆಯ ಕಾಡವ್ವ ಬಂದು, "ಒಮ್ಮೆ ಅತ್ತು ಬಿಡ ಯವ್ವಾ, ಹಗುರ ಆಗ್ತೈತಿ," ಎಂದು ಹೇಳಿ ಹೋದಳು. "ಆತು," ಎಂದು ಇವಳು ಹಿಟ್ಟು ನಾದಲು ಕೂತಳು. ನಾನು ಅಂಗಡಿಗೆ ಹೋಗುತ್ತೇನೆ, ಬರುತ್ತೇನೆ. ಯಾವುದೂ ರುಚಿಸುವುದಿಲ್ಲ ಎಂದಲ್ಲ. ರುಚಿ ಹಾಗೇ ಇದೆ. ನಾನು ಅದರಿಂದ ದೂರ ಕೂತಂತೆ ಇದೆ.

ಅವನಿಗೆ ಜ್ವರ ಎಂದು ನೀನು ಹಾಕಿದ ಕಾರ್ಡಿನ ಬಗ್ಗೆ ಅವಳು ಒಂದೇ ಮಾತನ್ನು ಆಗಾಗ ಕೇಳುತ್ತಾಳೆ. "ಖಂಡೆಪ್ಪ ಬರದ ಕಾರ್ಡು ಯಾವತ್ತ ಬಂತ್ರಿ?" ಎಂದು. "ಮಂಗಳವಾರ," ಎನ್ನುತ್ತೇನೆ. ಎಂಟು ದಿನ ಬಿಟ್ಟು ಮತ್ತೆ ಕೇಳುತ್ತಾಳೆ.

ಜ್ವರ ಬಂದ ಮೇಲೆ ಅವನು ಏನೇನು ಮಾತಾಡಿದ, ಯಾರು ಜೊತೆಗಿದ್ದರು, ಇದನ್ನು ನಾನು ನಿನಗೆ ಇನ್ನೂ ಕೇಳಿಲ್ಲ. ಬರೆಯಬೇಕೆನಿಸಿದರೆ ಬರೆ.

ರಾಚಪ್ಪ


ಪುಣೆ
೧೯ ಜನವರಿ ೧೯೩೮

ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಎರಡು ತಿಂಗಳಿಂದ ನನ್ನ ಪುಸ್ತಕದೊಳಗಿದೆ. ನಾಲ್ಕು ಸಲ ಉತ್ತರ ಬರೆದು ಹರಿದೆ. ಇದನ್ನು ತಿರುಗಿ ಓದದೆ ಅಂಚೆಗೆ ಹಾಕುತ್ತೇನೆ.

ಗುರುವಾರ ಅವನಿಗೆ ಜ್ವರ ಬಂತು. ಶುಕ್ರವಾರ ನಿಮಗೆ ಕಾರ್ಡು ಹಾಕಿದೆ. ಭಾನುವಾರ ಸಂಜೆ ಡಾಕ್ಟರು ಬಂದು ನೋಡಿ, ಇದು ವಿಷಮಜ್ವರ ಇದ್ದೀತು, ನಾಳೆ ಮುಂಜಾನೆಯೇ ದವಾಖಾನೆಗೆ ಸೇರಿಸು ಎಂದರು. ನಾಳೆ ಎಂದರೆ ಸೋಮವಾರ. ಸೋಮವಾರ ಹನ್ನೊಂದಕ್ಕೆ ನಮ್ಮ ಪ್ರ್ಯಾಕ್ಟಿಕಲ್ ಇತ್ತು. ಅದು ತಪ್ಪಿದರೆ ನನ್ನ ಫೀ ಮಾಫಿ ಹೋಗುತ್ತಿತ್ತು.

ಮುಂಜಾನೆ ಅವನಿಗೆ ಮಾತು ಸರಿಯಾಗಿಯೇ ಇತ್ತು. "ಟಾಂಗಾ ತರತೇನಿ, ದವಾಖಾನಿಗಿ ಹೋಗೂನು," ಎಂದೆ. "ಮೊದಲ ಪ್ರ್ಯಾಕ್ಟಿಕಲ್ ಮುಗಿಸಿ ಬಾ. ನಾ ಮಲಗಿರ್ತೇನಿ," ಎಂದ. ನಾನು ಇನ್ನೊಮ್ಮೆ ಕೇಳಲಿಲ್ಲ. ಕೇಳಿದರೆ ಅವನು ಹೂಂ ಎಂದಾನು ಎಂಬ ಹೆದರಿಕೆ ಇತ್ತು.

ನನ್ನ ಪಾಲಿಗೆ ಬಂದದ್ದು ಪ್ರಿಸಮ್ಮಿನ ಪ್ರಯೋಗ. ಮೂರು ಮೂಲೆಯ ಕಾಜಿನ ತುಂಡಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂದು ದುರ್ಬೀನಿನಿಂದ ನೋಡಿ ಅಳೆಯುವುದು. ಮೂರು ಸಲ ಅಳೆದರೆ ಮೂರೂ ಸಲ ಒಂದೇ ಅಂಕಿ ಬಂತು. ಹಾಗೆ ನನಗೆ ಎಂದೂ ಬಂದಿರಲಿಲ್ಲ. ನಾನು ಖುಷಿಯಲ್ಲಿದ್ದೆ ಕಾಕಾ. ಇದನ್ನು ನಾನು ಯಾರಿಗೂ ಹೇಳಿಲ್ಲ. ಎರಡು ಗಂಟೆಗೆ ಅರ್ಧ ತಾಸು ಬಿಡುವು ಕೊಟ್ಟರು. ಕೋಣೆ ಹತ್ತು ನಿಮಿಷದ ದಾರಿ. ಹೋಗಿ ನೋಡಿ ಬರಬಹುದಿತ್ತು. ಚಹಾ ಕುಡಿದು, ಉಳಿದ ಲೆಕ್ಕ ಹೇಗೆ ಬರೆಯಬೇಕೆಂದು ಯೋಚಿಸುತ್ತ ಕೂತೆ.

ಐದು ಗಂಟೆಗೆ ಬಂದಾಗ ಅವನಿಗೆ ಎಚ್ಚರವಿರಲಿಲ್ಲ. ದವಾಖಾನೆಗೆ ಒಯ್ದು, ತಂತಿ ಕಚೇರಿಗೆ ಹೋಗಿ ನಿಮಗೆ ತಾರು ಮಾಡಿದೆ. ಬುಧವಾರ ಹತ್ತು ಗಂಟೆಗೆ ಹೋದ. ನೀವು ಮಧ್ಯಾಹ್ನ ಬಂದಿರಿ.

ಒಂದು ದಿನ ಮೊದಲು ತಂದಿದ್ದರೆ ಎಂದು ದವಾಖಾನೆಯ ಡಾಕ್ಟರನ್ನು ಕೇಳಿದ್ದೆ. "ಹೇಳಲಿಕ್ಕಾಗದು," ಎಂದರು. ಅಷ್ಟೇ ಹೇಳಿದರು.

ಖಂಡೆಪ್ಪ


ಮೂಡಲಗಿ
೧೨ ಮಾರ್ಚ್ ೧೯೩೮

ಚಿ. ಖಂಡೆಪ್ಪನಿಗೆ,

ಮೊನ್ನೆಗೆ ವರ್ಷವಾಯಿತು. ಮಠದ ಅಯ್ಯನವರನ್ನು ಕರೆದು ಪೂಜೆ ಮಾಡಿಸಿ ಊಟಕ್ಕೆ ಹಾಕಿದೆವು.

ನಿನ್ನ ಕಾಗದ ಬಂದಾಗಿನಿಂದ ನಿನ್ನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಬಂದಿದ್ದರೆ ನನಗೆ ಚೆನ್ನಾಗಿತ್ತು.

ಕಾರ್ಡು ಮಂಗಳವಾರ ಬರಲಿಲ್ಲ. ಭಾನುವಾರ ಸಂತೆಯಿತ್ತು, ಅಂಚೆಯವನು ಅಂಗಡಿಗೇ ತಂದುಕೊಟ್ಟ. "ದುಂಡಪ್ಪನಿಗೆ ಜ್ವರ, ನೀವು ಬಂದರೆ ಒಳ್ಳೆಯದು" ಎಂದು ನೀನು ಬರೆದಿದ್ದೆ. ನಾನು ಅದನ್ನು ನಂಬಲಿಲ್ಲ. ನಾಲ್ಕು ತಿಂಗಳು ಕಾಗದ ಬರೆಯದ ಮಗ, ಈಗ ಗೆಳೆಯನ ಕೈಯಿಂದ ಬರೆಸಿ ನಾನೇ ಬರಲಿ ಎಂದು ನೋಡುತ್ತಿದ್ದಾನೆ ಎಂದುಕೊಂಡೆ. ಬೇಕಾದರೆ ತಾನೇ ಬರೆಯಲಿ ಎಂದು ಕಾರ್ಡನ್ನು ಗಾದಿಯ ಕೆಳಗೆ ಇಟ್ಟು ಗಿರಾಕಿಗಳ ಜೊತೆ ಮಾತಿಗೆ ಕೂತೆ. ಮನೆಯಲ್ಲಿ ಹೇಳಲಿಲ್ಲ. ಸೋಮವಾರವೂ ಹೇಳಲಿಲ್ಲ. ಮಂಗಳವಾರ ಮುಂಜಾನೆ ತಾರು ಬಂದಾಗ, ಕಾರ್ಡೂ ತಾರೂ ಕೂಡಿಯೇ ಬಂದವು ಎಂದು ಪಾರವ್ವನಿಗೆ ಹೇಳಿ ಗಾಡಿ ಹತ್ತಿದೆ.

ಭಾನುವಾರವೇ ಹೊರಟಿದ್ದರೆ ರಾತ್ರಿಯ ಗಾಡಿ ಸಿಕ್ಕು, ಸೋಮವಾರ ಮಧ್ಯಾಹ್ನ ನೀನು ಪರೀಕ್ಷೆಯಲ್ಲಿದ್ದಾಗಲೇ ನಾನು ಅವನ ಹತ್ತಿರ ಇರುತ್ತಿದ್ದೆ.

ನಿನ್ನ ಕೊನೆಯ ಪರೀಕ್ಷೆ ಹತ್ತಿರ ಬಂದಿರಬೇಕು. ಓದಿಕೋ. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ರಾಚಪ್ಪ


ಹುಕ್ಕೇರಿ
೨೬ ಜೂನ್ ೧೯೩೮

ಕಾಕಾ ಅವರಿಗೆ ನಮಸ್ಕಾರ.

ಬಿ.ಎಸ್ಸಿ. ಪಾಸಾದೆ. ಎರಡನೇ ವರ್ಗ. ಥಿಯರಿ ಚೆನ್ನಾಗಿ ಬರೆದಿದ್ದೆ, ಪ್ರ್ಯಾಕ್ಟಿಕಲ್ ಕೆಟ್ಟಿತು. ಉಪಕರಣದ ಮುಂದೆ ನಿಂತಾಗ ಕಣ್ಣು ಅಂಕಿಯ ಮೇಲೆ ನಿಲ್ಲಲಿಲ್ಲ.

ಹವಾಮಾನ ಕಚೇರಿಗೆ ಹೋಗಿದ್ದೆ. ಎರಡು ಜಾಗಕ್ಕೆ ನಲವತ್ತು ಮಂದಿ ಬಂದಿದ್ದರು. ಕಾಲೇಜಿನ ಜಾಗ ಮೊದಲನೇ ವರ್ಗದವನಿಗೆ ಹೋಯಿತು. ಹುಕ್ಕೇರಿಯ ಇಂಗ್ಲಿಷ್ ಸಾಲೆಯಲ್ಲಿ ಮಾಸ್ತರು ಬೇಕೆಂದು ಜಾಹೀರಾತು ಬಂದಿತ್ತು. ಈಗ ಇಲ್ಲಿದ್ದೇನೆ. ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ಸಾಲೆಯಲ್ಲಿ ಒಂದು ಥರ್ಮಾಮೀಟರು, ಒಂದು ಅಯಸ್ಕಾಂತ, ಒಡೆದ ಒಂದು ತಕ್ಕಡಿ ಇವೆ. ಪಗಾರ ನಮ್ಮ ಮನೆಗೆ ಸಾಕಾಗುತ್ತದೆ. ಕಲಿತವನು ಏನಾಗುತ್ತಾನೆ ಎಂದು ಕೇಳಿದ್ದಿರಿ. ಇದಾಗಿದ್ದೇನೆ.

ಕಾರ್ಡಿನ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಕಾಕೂಗೆ ಹೇಳಿ ಎಂದೋ ಬೇಡ ಎಂದೋ ಹೇಳುವ ಹಕ್ಕು ನನಗಿಲ್ಲ. ಆದರೆ ಅವರು ಇನ್ನೂ ಕೇಳುತ್ತಾರೆಯೇ?

ಖಂಡೆಪ್ಪ


ಮೂಡಲಗಿ
೧೭ ಜುಲೈ ೧೯೩೮

ಚಿ. ಖಂಡೆಪ್ಪನಿಗೆ,

ನೀನು ಪಾಸಾದದ್ದು ಒಳ್ಳೆಯದಾಯಿತು.

ಹೌದು, ಕೇಳುತ್ತಿದ್ದಳು. ಹೋದ ಮಂಗಳವಾರ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. "ಕಾರ್ಡು ಯಾವತ್ತ ಬಂತ್ರಿ?" ಎಂದಳು.

"ಐತವಾರ," ಎಂದೆ.

ಅವಳ ಕೈ ನಿಂತಿತು. "ಐತವಾರ ಎಷ್ಟೊತ್ತಿಗಿ?"

"ಮಧ್ಯಾಹ್ನ. ಸಂತ್ಯಾಗ."

ಉಳಿದ ಜೋಳವನ್ನೂ ಹಸನು ಮಾಡಿದಳು. ರೊಟ್ಟಿ ಬಡಿದು ನನಗೆ ಬಡಿಸಿದಳು. ಮರುದಿನ ಮುಂಜಾನೆ ಒಂದು ಗಂಟು ಕಟ್ಟಿಕೊಂಡು, "ಯಮಕನಮರಡಿಗಿ ಹೋಗ್ತೇನಿ," ಎಂದಳು. ಅದು ಅವಳ ತವರು. ಅಣ್ಣನೂ ಅತ್ತಿಗೆ ಯಲ್ಲಕ್ಕನೂ ಅಲ್ಲಿದ್ದಾರೆ. "ಯಾವಾಗ ಬರ್ತಿ?" ಎಂದೆ. ಅವಳಿಗೆ ಕೇಳಿಸಿತು. ಗಂಟು ಎತ್ತಿಕೊಂಡು ಹೊಸ್ತಿಲು ದಾಟಿದಳು.

ಹುಕ್ಕೇರಿಯಿಂದ ಆ ಊರು ದೂರವಿಲ್ಲ. ಹೋಗು ಎಂದು ನಾನು ಹೇಳುತ್ತಿಲ್ಲ. ಎಲ್ಲಿದ್ದಾಳೆಂಬುದು ನಿನಗೆ ಗೊತ್ತಿರಲಿ ಎಂದು ಬರೆದೆ.

ರಾಚಪ್ಪ


ಹುಕ್ಕೇರಿ
೨೧ ಆಗಸ್ಟ್ ೧೯೩೮

ಕಾಕಾ ಅವರಿಗೆ ನಮಸ್ಕಾರ.

ನಿನ್ನೆ ಸಾಲೆ ಬಿಟ್ಟ ಮೇಲೆ ಯಮಕನಮರಡಿಗೆ ಹೋಗಿ, ಇವತ್ತು ತಿರುಗಿ ಬಂದೆ.

ಯಲ್ಲಕ್ಕನವರು ಕಟ್ಟೆಯ ಮೇಲೆ ಕೂರಿಸಿದರು. ಕಾಕೂ ಒಳಗಿಂದ ಬಂದು ಬಾಗಿಲ ಹತ್ತಿರ ಕೂತರು. ನಾನು ಯಾರೆಂದು ಹೇಳಿದೆ. ನಿಮಗೆ ಬರೆದದ್ದೆಲ್ಲವನ್ನೂ ಅವರಿಗೆ ಹೇಳಿದೆ. ಡಾಕ್ಟರು ಹೇಳಿದ್ದು, ಪ್ರ್ಯಾಕ್ಟಿಕಲ್, ನಡುವಿನ ಬಿಡುವು, ಚಹಾ, ಎಲ್ಲ. ಅವರು ನೆಲ ನೋಡುತ್ತ ಕೇಳಿದರು.

"ಅಂವಾ ನೀರು ಬೇಡಿದ್ನ?" ಎಂದು ಕೇಳಿದರು.

"ನಾ ಅಲ್ಲಿ ಇರಲಿಲ್ರಿ ಕಾಕೂ."

"ತಂಬಗಿ ಬಾಜೂಕ ಇತ್ತೇನು?"

"ಇತ್ರಿ. ಹೋಗೂ ಮುಂದ ತುಂಬಿಸಿ ಇಟ್ಟಿದ್ನಿ."

"ನೀ ಬಂದಾಗ?"

ಕಾಕಾ, ಅದನ್ನು ಒಂದೂವರೆ ವರ್ಷ ನನಗೆ ಯಾರೂ ಕೇಳಿರಲಿಲ್ಲ. ನಾನೂ ನೆನೆದಿರಲಿಲ್ಲ. ಕಣ್ಣ ಮುಂದೆ ಬಂತು. "ಖಾಲಿ ಇತ್ರಿ," ಎಂದೆ.

"ಉರುಳಿ ಬಿದ್ದಿತ್ತೋ, ನೆಟ್ಟಗ ಇತ್ತೋ?"

"ನೆಟ್ಟಗ ಇತ್ರಿ. ಮ್ಯಾಲ ಮುಚ್ಚಳಾನೂ ಇತ್ತು."

"ಹಂಗಾದ್ರ ಕುಡದಾನ," ಎಂದರು.

ಆಮೇಲೆ ಎದ್ದು ಒಳಗೆ ಹೋಗಿ ನನಗೆ ಬಡಿಸಿದರು. ನಾನು ಕುರುಬರ ಹುಡುಗ, ಹೊರಗೇ ಕೂತುಣ್ಣುತ್ತೇನೆ ಎಂದೆ. "ಪುಣೆದಾಗ ಅಂವಾ ಎಲ್ಲಿ ಕುಂತ ಉಣತಿದ್ದ?" ಎಂದರು. ಒಂದೇ ಒಲೆ, ಒಂದೇ ಕಡೆ ಎಂದೆ. ಒಳಗೆ ಕರೆದರು.

ಇವತ್ತು ತಿರುಗಿ ಬರುವಾಗ ರಸ್ತೆಯ ಬದಿಗೆ ಒಂದು ಕಡೆ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಒಬ್ಬ ಗಾಡಿಯವನು ಇಳಿದು ಬಂದು ಏನಾಯಿತು ಎಂದು ಕೇಳಿದ. ಆಗ ಮುಖ ಒರೆಸಿಕೊಂಡೆ.

ಖಂಡೆಪ್ಪ


ಮೂಡಲಗಿ
೪ ಸೆಪ್ಟೆಂಬರ್ ೧೯೩೮

ಖಂಡೆಪ್ಪಗ ಪಾರವ್ವನ ಆಶೀರ್ವಾದ.

ನಾ ಸೋಮವಾರ ಮೂಡಲಗಿಗಿ ಬಂದೇನಿ. ನನಗ ಬರ್ಯಾಕ ಬರೂದಿಲ್ಲ. ನಿಮ್ಮ ಕಾಕಾನ ಕೈಲೆ ಬರಸಾಕತ್ತೇನಿ. ನಾ ಹೇಳಿದ್ದನ್ನ ಹೇಳಿದಂಗ ಬರೀರಿ, ಒಂದೂ ಬಿಡಬ್ಯಾಡ್ರಿ ಅಂದೇನಿ. ಬಂದ ಮ್ಯಾಲ ಇವರ ಜೋಡಿ ಆಡಿದ ಮೊದಲನೇ ಮಾತು ಇದು.

ಅಣ್ಣನ ಮನ್ಯಾಗ ಇರಬಹುದಿತ್ತು. ಇರು ಅಂತ ಯಲ್ಲಕ್ಕನೂ ಅಂದ್ಲು. ಆದ್ರ ಅಲ್ಲಿ ದುಂಡಪ್ಪನ ಮಾತು ಆಡಾಕ ಯಾರೂ ಇಲ್ಲ. ಇಲ್ಲೂ ಆಡೂದಿಲ್ಲ, ಖರೆ. ಆದ್ರ ಇಲ್ಲಿ ಆಡಬಹುದು.

ಇವರು ಬಾಳ ಸೊರಗ್ಯಾರ. ಅದನ್ನ ಬರ್ಯಾಕ ತಡದ್ರು. ಬರೀರಿ ಅಂದೆ. ಬರದ್ರು.

ಐತವಾರದ ಮಾತು, ಸೋಮವಾರದ ಮಾತು ಇನ್ನ ಕಾಗದದಾಗ ಬರೀಬ್ಯಾಡ್ರಿ ನೀವಿಬ್ಬರೂ. ನಾ ಮರತೇನಿ ಅಂತಲ್ಲ. ಮರಿಯೂದಿಲ್ಲ. ಇವರಿಗೂ ಅದ ಹೇಳಾಕತ್ತೇನಿ.

ಕಲಿತ್ರ ಏನ್ ಆಗ್ತಾರಂತ ಇವರು ನಿನಗ ಕೇಳಿದ್ರಂತ. ನೀ ಬರದಿಯಂತ, ಯಾವ ನೌಕರಿ ಎಷ್ಟ ಮಂದಿಗೆ ಅಂತ. ಅದು ನನಗ ಬ್ಯಾಡ. ಅಂವಾ ದಿನಾ ಮುಂಜಾನೆದ್ದು ಹೋಗಿ ಕಲೀತಿದ್ದದ್ದು ಏನು, ಅದನ್ನ ನನಗ ಇನ್ನೂ ಯಾರೂ ಹೇಳಿಲ್ಲ. ಬೆಳಕು ಕಾಜಿನ್ಯಾಗ ಬಾಗ್ತೈತಿ ಅಂತ ಆವತ್ತ ಅಂದಿ. ಯಾಕ ಬಾಗ್ತೈತಿ? ಸೂಟಿ ಸಿಕ್ಕಾಗ ಬಾ. ಬಂದು ಕುಂತು ಬಾಯಿಲೆ ಹೇಳು, ನನಗ ತಿಳಿಯೂ ಹಂಗ. ಇವರೂ ಬಾಜೂಕ ಕುಂತು ಕೇಳಲಿ.

ಇಷ್ಟ ಸಾಕು ಅಂದೆ. ಇವರು ಇನ್ನೂ ಬರ್ಯಾಕತ್ತಾರ.

ಪಾರವ್ವ
(ಬರೆದವನು ರಾಚಪ್ಪ)